‘ಹೇಗೆ ಗೊತ್ತು?’ ಅಂತ ಕೇಳಲು ಕಲಿಸಿದ ಪೇಪರ್

ರಾತ್ರಿ ಹನ್ನೊಂದು ಗಂಟೆ. ಅಡುಗೆಮನೆ ಕಟ್ಟೆ ಒರೆಸಿ, ಬೆಳಗಿನ ದೋಸೆಗೆ ಹಿಟ್ಟು ರುಬ್ಬಿಟ್ಟು, ಮಗನ ಯೂನಿಫಾರ್ಮ್ ಇಸ್ತ್ರಿ ಮಾಡಿ, ಅಂತೂ ಡೈನಿಂಗ್ ಟೇಬಲ್ ಮೇಲೆ ಪುಸ್ತಕ ತೆರೆದರೆ ಎದುರಿಗೆ ಏನಿದೆ? ಇಂಡಿಪೆಂಡೆಂಟ್ ವೇರಿಯಬಲ್, ಡಿಪೆಂಡೆಂಟ್ ವೇರಿಯಬಲ್, ನಲ್ ಹೈಪಾಥಿಸಿಸ್... ಒಂದು ಪುಟ ಮುಗಿಯುವಷ್ಟರಲ್ಲಿ ತೂಕಡಿಕೆ. ಮರುದಿನ ನೆನಪು ಮಾಡಿಕೊಂಡರೆ ಓದಿದ್ದು ಒಂದಕ್ಷರವೂ ತಲೆಯಲ್ಲಿಲ್ಲ!

ಸೈಕಾಲಜಿ ಅಂದರೆ ಮನಸ್ಸು, ಕನಸು, ಫ್ರಾಯ್ಡ್ ಅಂದುಕೊಂಡು ಸೇರಿದವರಿಗೆಲ್ಲ ಈ ಶಾಕ್ ಆಗಿಯೇ ಆಗುತ್ತೆ. ಮನುಷ್ಯರ ಕಥೆ ಓದೋಣ ಅಂತ ಬಂದರೆ ಗ್ರಾಫು, ಸರಾಸರಿ, ಸ್ಯಾಂಪಲ್ಲು ಅಂತ ಲೆಕ್ಕ ಶುರು. ಬಿ.ಎ. ಮುಗಿಸಿ ಹದಿಮೂರು ವರ್ಷದ ಮೇಲೆ, 2023ರಲ್ಲಿ, ನಾನು ದೂರಶಿಕ್ಷಣದಲ್ಲಿ ಎಂ.ಎ. ಸೈಕಾಲಜಿಗೆ ಹೆಸರು ಹಚ್ಚಿದೆ. ಉಳಿದ ಪೇಪರ್‌ಗಳನ್ನು ಹೇಗೋ ಓದಿದೆ. ‘ರಿಸರ್ಚ್ ಮೆಥಡ್ಸ್’ ಅನ್ನೋ ಪೇಪರಿಗೆ ಮಾತ್ರ ಅರ್ಧ ಖಾಲಿ ಹಾಳೆ ಕೊಟ್ಟು ಬಂದೆ. ಫಲಿತಾಂಶ ಏನಾಯ್ತು ಅಂತ ಹೇಳಬೇಕಿಲ್ಲ ತಾನೇ?

“ಈ ವಯಸ್ಸಲ್ಲಿ ಯಾಕೆ ತಲೆ ಕೆಡಿಸ್ಕೋತೀಯ, ಬಿಟ್ಬಿಡು” ಅಂದರು ಮನೆಯವರು. ಪ್ರೀತಿಯಿಂದಲೇ ಅಂದದ್ದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಎರಡನೇ ಸಲ ಓದಲು ಕೂತಾಗ ಆ ಪೇಪರ್ ನನಗೆ ಪಾಸಿಗಿಂತ ದೊಡ್ಡದೊಂದನ್ನು ಕೊಟ್ಟಿತು. ಅದನ್ನೇ ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅಂತ. ನೀವೇ ಓದುತ್ತಿರಬಹುದು, ಅಥವಾ ನಿಮ್ಮ ಮಗಳೋ ನಾದಿನಿಯೋ ಡಿಗ್ರಿಯಲ್ಲಿ ಸೈಕಾಲಜಿ ತೆಗೆದುಕೊಂಡು ಇದೇ ಪೇಪರ್ ಮುಂದೆ ಕಣ್ಣೀರು ಹಾಕುತ್ತಿರಬಹುದು. ಯಾರಿಗಾದರೂ ಉಪಯೋಗವಾದೀತು.

ವ್ಯಾಖ್ಯೆ ಬಿಡಿ, ಒಂದು ಪ್ರಶ್ನೆ ಹಿಡಿಯಿರಿ

ಮೊದಲ ಸಲ ನಾನು ಮಾಡಿದ ತಪ್ಪು ಎಂದರೆ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದ್ದು. ಕಾಂಟ್ಯಾಕ್ಟ್ ಕ್ಲಾಸಿಗೆ ಬರುತ್ತಿದ್ದ ಮೇಡಂ ಒಬ್ಬರು ಅದನ್ನು ನೋಡಿ ನಕ್ಕರು. “ನಿಮ್ಮ ಮನೆಯದೇ ಒಂದು ಪ್ರಶ್ನೆ ಹಿಡ್ಕೊಳ್ಳಿ. ಅದನ್ನೇ ಮೊದಲ ಪಾಠದಿಂದ ಕೊನೇ ಪಾಠದವರೆಗೂ ಕರ್ಕೊಂಡು ಹೋಗಿ” ಅಂದರು. ಎಷ್ಟು ಸರಳ, ಅಲ್ಲವೇ? ಇಡೀ ಪುಸ್ತಕ ಬಿಡಿಸಿಕೊಂಡಿದ್ದು ಈ ಒಂದೇ ಮಾತಿನಿಂದ.

ನಾನು ಹಿಡಿದ ಪ್ರಶ್ನೆ ಇದು: ‘ಟಿ.ವಿ. ಹಾಕಿಕೊಂಡು ಓದಿದರೆ ಓದಿದ್ದು ನೆನಪಿರುತ್ತಾ?’ ನಮ್ಮ ಮನೆಯಲ್ಲಿ ದಿನಾ ನಡೆಯುವ ಜಗಳ ಇದು! ಈಗ ನೋಡಿ.

ನಾವು ಬದಲಾಯಿಸುವುದು ಏನನ್ನು? ಟಿ.ವಿ. ಹಾಕುವುದು, ಆರಿಸುವುದು. ಅದು ಇಂಡಿಪೆಂಡೆಂಟ್ ವೇರಿಯಬಲ್, ಕನ್ನಡ ಪುಸ್ತಕದಲ್ಲಿ ‘ಸ್ವತಂತ್ರ ಚರ’. ಅದರಿಂದ ಏನಾಯಿತು ಅಂತ ಅಳೆಯುವುದು ಏನನ್ನು? ನೆನಪನ್ನು. ಅದು ಡಿಪೆಂಡೆಂಟ್ ವೇರಿಯಬಲ್, ‘ಅವಲಂಬಿತ ಚರ’. ಆದರೆ ‘ನೆನಪು’ ಅಂದರೆ ಏನು? ಅಜ್ಜಿಗಿರುವುದೂ ನೆನಪೇ, ಮಗ್ಗಿ ಹೇಳುವುದೂ ನೆನಪೇ. ಆದ್ದರಿಂದ ‘ಇಪ್ಪತ್ತು ಪದ ಓದಿಸಿ, ಹತ್ತು ನಿಮಿಷ ಬಿಟ್ಟು ಬರೆಯಲು ಹೇಳಿದಾಗ ಸರಿಯಾಗಿ ಬರೆದ ಪದಗಳ ಸಂಖ್ಯೆ’ ಅಂತ ಗೆರೆ ಎಳೆದುಬಿಡಬೇಕು. ಇದೇ ಆಪರೇಶನಲ್ ಡೆಫಿನಿಶನ್. ನಾನು ಹೆದರಿ ನಡುಗುತ್ತಿದ್ದ ಪದ ಇಷ್ಟೇ!

ಇನ್ನು ಅಪಾರ್ಟ್‌ಮೆಂಟಿನ ಇಪ್ಪತ್ತು ಮಕ್ಕಳು ಸಿಕ್ಕರು ಅಂತಿಟ್ಟುಕೊಳ್ಳಿ. ಟಿ.ವಿ. ಗುಂಪಿಗೆ ಐದನೇ ಕ್ಲಾಸಿನವರು, ನಿಶ್ಶಬ್ದದ ಗುಂಪಿಗೆ ಹತ್ತನೇ ಕ್ಲಾಸಿನವರು ಬಿದ್ದರೆ? ವ್ಯತ್ಯಾಸ ಬಂದದ್ದು ಟಿ.ವಿ.ಯಿಂದಲೋ ವಯಸ್ಸಿನಿಂದಲೋ ಹೇಳಲಿಕ್ಕಾಗದು. ನಡುವೆ ನುಸುಳಿ ಗೊಂದಲ ಮಾಡಿದ ಈ ವಯಸ್ಸೇ ಕನ್‌ಫೌಂಡಿಂಗ್ ವೇರಿಯಬಲ್. ಅದಕ್ಕೆ ಪರಿಹಾರ ನಮ್ಮ ಕಿಟ್ಟಿ ಪಾರ್ಟಿಯಲ್ಲೇ ಇದೆ. ಚೀಟಿ ಎತ್ತಿ ಗುಂಪು ಮಾಡುವುದು! ಪುಸ್ತಕ ಅದನ್ನು ರ್‍ಯಾಂಡಮ್ ಅಸೈನ್‌ಮೆಂಟ್ ಅನ್ನುತ್ತೆ.

ಅದೇ ಮಕ್ಕಳು ಎರಡೂ ರೀತಿಯಲ್ಲಿ ಓದಿದರೆ? ಆಗ ವಯಸ್ಸಿನ ಚಿಂತೆಯಿಲ್ಲ. ಆದರೆ ಎರಡನೇ ಸಲಕ್ಕೆ ಅಭ್ಯಾಸವಾಗಿರುತ್ತೆ, ಅಥವಾ ಸುಸ್ತಾಗಿರುತ್ತೆ. ಆದ್ದರಿಂದ ಅರ್ಧ ಮಕ್ಕಳಿಗೆ ಮೊದಲು ಟಿ.ವಿ., ಉಳಿದರ್ಧಕ್ಕೆ ಮೊದಲು ನಿಶ್ಶಬ್ದ. ಎರಡು ಸಲಕ್ಕೂ ಬೇರೆ ಬೇರೆ ಪದಪಟ್ಟಿ. ಇದಕ್ಕೆ ಕೌಂಟರ್‌ಬ್ಯಾಲೆನ್ಸಿಂಗ್ ಅಂತ ಹೆಸರು. ಇಷ್ಟಕ್ಕೂ ಮೊದಲು ಅಪ್ಪ ಅಮ್ಮಂದಿರ ಒಪ್ಪಿಗೆ ಬೇಕು, ಬೇಜಾರಾದ ಮಗು ಎದ್ದು ಹೋಗಬಹುದು ಅಂತಲೂ ಮೊದಲೇ ಹೇಳಿರಬೇಕು. ಅದು ನೀತಿಸಂಹಿತೆಯ ಪಾಠ. ನೋಡಿದಿರಾ, ಒಂದು ಟಿ.ವಿ. ಜಗಳದಲ್ಲಿ ಐದಾರು ಪಾಠ ಮುಗಿದೇ ಹೋಯ್ತು!

ಲೆಕ್ಕ ಹೇಳಿದ ಕುದುರೆ

ಪದ ಎಣಿಸುವವರು ಯಾರು? ನಾನೇ ಎಣಿಸಿದರೆ, ‘ಟಿ.ವಿ. ಕೆಟ್ಟದ್ದು’ ಅಂತ ಮೊದಲೇ ನಂಬಿರುವ ನಾನು ಟಿ.ವಿ. ಗುಂಪಿನ ಮಕ್ಕಳ ಅಕ್ಷರ ಗೀಚಿದ್ದರೆ ತಪ್ಪು ಅಂದುಬಿಡಬಹುದು. ಗೊತ್ತಿಲ್ಲದೇ!

ಇದಕ್ಕೊಂದು ಚೆಂದದ ಕಥೆಯಿದೆ. ಜರ್ಮನಿಯ ಬರ್ಲಿನ್ನಿನಲ್ಲಿ ‘ಜಾಣ ಹಾನ್ಸ್’ ಅಂತ ಒಂದು ಕುದುರೆಯಿತ್ತು. ಕೂಡುವ, ಕಳೆಯುವ ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. 1904ರಲ್ಲಿ ಪರೀಕ್ಷಿಸಲು ಬಂದ ಸಮಿತಿಗೂ ಮೋಸ ಕಾಣಲಿಲ್ಲ. ಆಸ್ಕರ್ ಫಂಗ್‌ಸ್ಟ್ ಎಂಬ ಸಂಶೋಧಕ ಒಂದು ಸಣ್ಣ ಬದಲಾವಣೆ ಮಾಡಿದ. ಪ್ರಶ್ನೆ ಕೇಳುವವರಿಗೇ ಉತ್ತರ ಗೊತ್ತಿಲ್ಲದ ಹಾಗೆ ನೋಡಿಕೊಂಡ. ಕುದುರೆ ಸೋತಿತು! ಸರಿಯಾದ ಸಂಖ್ಯೆ ಬಂದಾಗ ಎದುರಿದ್ದವರ ತಲೆ ಕೂದಲೆಳೆಯಷ್ಟು ಅಲ್ಲಾಡುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಯಾರೂ ಬೇಕಂತ ಮೋಸ ಮಾಡಿರಲಿಲ್ಲ. ಅಳೆಯುವವರಿಗೆ ಯಾರು ಯಾವ ಗುಂಪು ಅಂತ ಗೊತ್ತಿರಬಾರದು ಅನ್ನುವ ‘ಬ್ಲೈಂಡ್’ ಪದ್ಧತಿ ಯಾಕೆ ಅಂತ ಪರೀಕ್ಷೆಯಲ್ಲಿ ಕೇಳಿದರೆ ಈ ಕುದುರೆಯನ್ನು ನೆನಪಿಸಿಕೊಳ್ಳಿ.

ಒಂದು ಅಗುಳು ಸಾಕೇ?

ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಅಂತೀವಿ. ಅಕ್ಕಿಯ ಮಟ್ಟಿಗೆ ನಿಜ. ಒಂದೇ ಅಕ್ಕಿ, ಒಂದೇ ಕುಕ್ಕರ್, ಒಂದೇ ಉರಿ. ಆದರೆ ಮನುಷ್ಯರು ಒಂದೇ ಪಾತ್ರೆಯ ಅಗುಳುಗಳಲ್ಲವಲ್ಲ! ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳನ್ನು ನೋಡಿ ‘ಮಕ್ಕಳೆಲ್ಲ ಹೀಗೇ’ ಅನ್ನಲಿಕ್ಕಾಗುತ್ತದೆಯೇ? ಸ್ಯಾಂಪಲಿಂಗ್ ಪಾಠದ ತಿರುಳು ಇದೇ. ಯಾರ ಬಗ್ಗೆ ಮಾತಾಡಬೇಕೋ ಅವರೆಲ್ಲರಿಗೂ ಚೀಟಿಯಲ್ಲಿ ಬರುವ ಅವಕಾಶ ಇರಬೇಕು.

ಮಗು ಹೊಟ್ಟೆಯಲ್ಲಿದ್ದಾಗ ಮೊಜಾರ್ಟ್ ಸಂಗೀತ ಕೇಳಿಸಿದರೆ ಬುದ್ಧಿ ಚುರುಕಾಗುತ್ತೆ ಅಂತ ನಿಮಗೂ ಯಾರಾದರೂ ಹೇಳಿರಬೇಕು. ನಾನಂತೂ ಬಸುರಿಯಾಗಿದ್ದಾಗ ದುಡ್ಡು ಕೊಟ್ಟು ಸಿ.ಡಿ. ತಂದಿದ್ದೆ! ಈ ಮಾತಿನ ಮೂಲ ಅಮೆರಿಕದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗ. ಅದರಲ್ಲಿದ್ದವರು 36 ಮಂದಿ ಕಾಲೇಜು ವಿದ್ಯಾರ್ಥಿಗಳು. ಮಗುವೂ ಇರಲಿಲ್ಲ, ಗರ್ಭಿಣಿಯೂ ಇರಲಿಲ್ಲ. ಆಕಾರ, ಮಡಿಕೆಗಳನ್ನು ಊಹಿಸುವ ಒಂದು ಬಗೆಯ ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಅಂಕ ಬಂತು. ಅದೂ ಹತ್ತು ಹದಿನೈದು ನಿಮಿಷ ಮಾತ್ರ ಉಳಿಯಿತು. ಅಲ್ಲಿಂದ ಅದು ಹೇಗೆ ಹಬ್ಬಿತು ನೋಡಿ. 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟುವ ಪ್ರತಿ ಮಗುವಿಗೂ ಸಂಗೀತದ ಸಿ.ಡಿ. ಕೊಡಲು ಬಜೆಟ್ಟಿನಲ್ಲಿ ಹಣ ಕೇಳಿದರು! ಸಂಗೀತ ಕೇಳಬೇಡಿ ಅಂತಲ್ಲ. ಮನಸ್ಸಿಗೆ ಹಿತ, ಕೇಳಿ. ಆದರೆ ‘ಯಾರ ಮೇಲೆ ಪ್ರಯೋಗ ಮಾಡಿದ್ದು? ಎಷ್ಟು ಜನ?’ ಅಂತ ಎರಡು ಪ್ರಶ್ನೆ ಕೇಳಿದ್ದರೆ ಎಷ್ಟೋ ತಾಯಂದಿರ ದುಡ್ಡು ಉಳಿಯುತ್ತಿತ್ತು.

ಹತ್ತು ನಿಮಿಷ ಮುಂದಿರುವ ಗಡಿಯಾರ

ರಿಲಯಬಿಲಿಟಿ ಮತ್ತು ವ್ಯಾಲಿಡಿಟಿ, ಈ ಎರಡು ಅವಳಿ ಪದಗಳು ಎಲ್ಲರನ್ನೂ ಕಾಡುತ್ತವೆ. ನಮ್ಮ ಹಾಲ್‌ನ ಗಡಿಯಾರವನ್ನು ಮನೆಯವರು ಹತ್ತು ನಿಮಿಷ ಮುಂದಿಟ್ಟಿದ್ದಾರೆ, ಸ್ಕೂಲ್ ವ್ಯಾನ್ ತಪ್ಪದಿರಲಿ ಅಂತ. ಅದು ಯಾವತ್ತೂ ಸರಿಯಾಗಿ ಹತ್ತೇ ನಿಮಿಷ ಮುಂದೆ. ದಿನವೂ ಒಂದೇ ಥರ. ಅಂದಮೇಲೆ ಅದು ರಿಲಯಬಲ್. ಆದರೆ ತೋರಿಸುವುದು ನಿಜವಾದ ಸಮಯವನ್ನಲ್ಲ, ಹಾಗಾಗಿ ವ್ಯಾಲಿಡ್ ಅಲ್ಲ. ಒಂದು ಅಳತೆ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತದೆ ಎಂದ ಮಾತ್ರಕ್ಕೆ ಅಳೆಯಬೇಕಾದ್ದನ್ನೇ ಅಳೆಯುತ್ತಿದೆ ಅಂತಲ್ಲ. ‘ಅತ್ತೆಯ ಜೊತೆ ನಿಮ್ಮ ಸಂಬಂಧ ಹೇಗಿದೆ?’ ಅಂತ ಅತ್ತೆಯ ಎದುರಿಗೇ ದಿನಾ ಕೇಳಿದರೆ ದಿನಾ ಒಂದೇ ಉತ್ತರ ಬರುತ್ತೆ. ಅದು ಯಾವ ಜಾತಿಯ ಅಳತೆ ಅಂತ ನೀವೇ ಹೇಳಿ!

ಅಮ್ಮನೇ ಕಾರಣ ಅಂದವರು

ಈಗ ನನ್ನ ಮನಸ್ಸಿಗೆ ಹತ್ತಿರದ ಪಾಠಕ್ಕೆ ಬರುತ್ತೇನೆ.

ನನ್ನ ಮಗ ಮಾತು ಕಲಿತದ್ದು ತಡವಾಗಿ. ಎರಡೂವರೆ ವರ್ಷ ತುಂಬಿದರೂ ‘ಅಮ್ಮ’ ಬಿಟ್ಟರೆ ಇನ್ನೆರಡು ಪದ. ಆಗ ನಾನು ಪತ್ರಿಕೆಗಳಿಗೆ ಬರೆಯಲು ಶುರು ಮಾಡಿದ್ದೆ. “ಯಾವಾಗ ನೋಡಿದ್ರೂ ಪೆನ್ನು ಹಿಡ್ಕೊಂಡು ಕೂತಿರ್ತಾಳೆ, ಮಗು ಜೊತೆ ಮಾತಾಡೋರ್‍ಯಾರು?” ಅಂತ ಮದುವೆ ಮನೆಯೊಂದರಲ್ಲಿ ನೆಂಟರೊಬ್ಬರು ಎಲ್ಲರೆದುರು ಅಂದರು. ನಾನು ನಕ್ಕು ಸುಮ್ಮನಾದೆ. ಆದರೆ ಮನೆಗೆ ಬಂದು ಬರೆಯುವುದನ್ನು ನಿಲ್ಲಿಸಿದೆ. ಎರಡು ವರ್ಷ ಒಂದಕ್ಷರ ಬರೆಯಲಿಲ್ಲ. ಮಗನ ಕಿವಿ ಪರೀಕ್ಷೆ ಮಾಡಿಸಿದೆವು, ಸರಿಯಾಗಿತ್ತು. ಮೂರು ತುಂಬಿದ ಮೇಲೆ ತಾನೇ ಮಾತು ಶುರು ಮಾಡಿದ. ಈಗ ಬಾಯಿ ಮುಚ್ಚಿಸುವುದೇ ಕಷ್ಟ! ಆದರೆ ‘ನನ್ನಿಂದಲೇ ತಡವಾಯಿತು’ ಅನ್ನುವ ಮುಳ್ಳು ಮಾತ್ರ ಒಳಗೇ ಇತ್ತು.

ಅದಿದ್ದ ಹಾಗೇ ಕೋರಿಲೇಶನ್ ಪಾಠಕ್ಕೆ ಬಂದೆ. ಎರಡು ಸಂಗತಿ ಜೊತೆಗೆ ನಡೆದರೆ ಅದು ಸಹಸಂಬಂಧ. ಒಂದರಿಂದ ಇನ್ನೊಂದು ಆಯಿತು ಅನ್ನಲು ಅದಷ್ಟೇ ಸಾಲದು. ಒಂದು ಇನ್ನೊಂದಕ್ಕೆ ಕಾರಣ ಇರಬಹುದು, ಉಲ್ಟಾ ಇರಬಹುದು, ಇವೆರಡಕ್ಕೂ ಮೂರನೆಯದೇ ಕಾರಣವಿರಬಹುದು, ಅಥವಾ ಬರೀ ಕಾಕತಾಳೀಯ ಇರಬಹುದು. ಇದಕ್ಕೆ ಉದಾಹರಣೆ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಆಟಿಸಂನ ಚರಿತ್ರೆ.

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಬರೆದು ಆಟಿಸಂ ಅನ್ನು ಲೋಕಕ್ಕೆ ಪರಿಚಯಿಸಿದರು. ಆ ಮಕ್ಕಳ ಅಪ್ಪ ಅಮ್ಮಂದಿರು ಹೆಚ್ಚಾಗಿ ಓದಿದವರು, ಬೆಚ್ಚಗಿನ ಅಕ್ಕರೆ ತೋರದವರು ಅಂತ ಅವರಿಗೆ ಕಂಡಿತ್ತು. ಮುಂದೆ ಶಿಕಾಗೋದಲ್ಲಿ ಇಂಥ ಮಕ್ಕಳ ಶಾಲೆ ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ತಪ್ಪನ್ನು ತಾಯಿಯ ಮೇಲೇ ಹೊರಿಸಿದರು. ‘ರೆಫ್ರಿಜರೇಟರ್ ತಾಯಿ’ ಅಂತ ಹೆಸರೇ ಬಿತ್ತು. ಅಂದರೆ ಫ್ರಿಜ್ಜಿನಂತೆ ತಣ್ಣಗಿರುವ ಅಮ್ಮ! ಎಷ್ಟು ತಾಯಂದಿರು ಆ ಮಾತು ನಂಬಿ ಕೊರಗಿದರೋ...

ಈಗ ನಮ್ಮ ಪೇಪರಿನ ಕಣ್ಣಿಂದ ಇದನ್ನು ನೋಡಿ. ದೊಡ್ಡಾಸ್ಪತ್ರೆಯ ತಜ್ಞರ ತನಕ ಮಗುವನ್ನು ಕರೆತರಲು ಆ ಕಾಲದಲ್ಲಿ ಸಾಧ್ಯವಿದ್ದದ್ದು ಯಾರಿಗೆ? ಓದಿದವರಿಗೆ, ಅನುಕೂಲವಿದ್ದವರಿಗೆ. ಅಲ್ಲಿಗೆ ಸ್ಯಾಂಪಲ್ಲೇ ಓರೆಯಾಯಿತು. ಕರೆದರೆ ತಿರುಗದ, ಅಪ್ಪಿದರೆ ಕೊಸರಿಕೊಳ್ಳುವ ಮಗುವಿನ ತಾಯಿ ಸೋತು ಸುಮ್ಮನಾಗಿದ್ದರೆ, ಆ ಮೌನ ಕಾರಣವೋ ಪರಿಣಾಮವೋ? ಅದನ್ನು ಕೇಳಲಿಲ್ಲ. ಅದೇ ತಾಯಿ ಬೆಳೆಸಿದ ಅಣ್ಣ ತಂಗಿಯರು ಚೆನ್ನಾಗಿದ್ದರಲ್ಲ, ಅವರ ಜೊತೆ ಹೋಲಿಸಲಿಲ್ಲ. ಹೋಲಿಕೆಗೆ ಗುಂಪಿಲ್ಲ, ಕಂಟ್ರೋಲ್ ಇಲ್ಲ. ತೀರ್ಪು ಮಾತ್ರ ಸಿದ್ಧ!

ಇದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಒಬ್ಬರು ಬರ್ನಾರ್ಡ್ ರಿಮ್‌ಲ್ಯಾಂಡ್. ಸ್ವತಃ ಮನಶ್ಶಾಸ್ತ್ರಜ್ಞ, ಆಟಿಸಂ ಇದ್ದ ಹುಡುಗನ ಅಪ್ಪ ಕೂಡ. ಇದು ತಾಯಿಯ ತಪ್ಪಲ್ಲ, ಹುಟ್ಟಿನಿಂದ ಬಂದ ದೈಹಿಕ ಕಾರಣ ಅಂತ 1964ರಲ್ಲೇ ಪುಸ್ತಕ ಬರೆದರು. ಆಮೇಲೆ 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳನ್ನು ನೋಡಿದರು. ಪ್ರತಿ ಜೋಡಿಯಲ್ಲೂ ಒಬ್ಬರಿಗಾದರೂ ಆಟಿಸಂ ಇತ್ತು. ತದ್ರೂಪಿ ಅವಳಿಗಳ 11 ಜೋಡಿಯಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ. ತದ್ರೂಪಿಗಳಲ್ಲದ 10 ಜೋಡಿಯಲ್ಲಿ ಒಂದರಲ್ಲೂ ಇಬ್ಬರಿಗೂ ಇಲ್ಲ. ಎಂಥ ಜಾಣ ವಿನ್ಯಾಸ ನೋಡಿ. ಎರಡೂ ಬಗೆಯ ಅವಳಿಗಳಿಗೆ ತಾಯಿ ಒಬ್ಬಳೇ, ಮನೆ ಒಂದೇ. ಸಾಕಿದ ರೀತಿಯೇ ಕಾರಣವಾಗಿದ್ದರೆ ಎರಡು ಗುಂಪಿನಲ್ಲೂ ಒಂದೇ ಥರ ಇರಬೇಕಿತ್ತು. ವ್ಯತ್ಯಾಸ ಇದ್ದದ್ದು ಜೀನ್‌ಗಳಲ್ಲಿ. ಸ್ಯಾಂಪಲ್ ಚಿಕ್ಕದು ನಿಜ, ಆದರೆ ಮುಂದಿನ ದೊಡ್ಡ ಅಧ್ಯಯನಗಳೂ ವಂಶವಾಹಿಯತ್ತಲೇ ಬೆರಳು ತೋರಿದವು. ಬೈಗುಳದಿಂದ ತಾಯಂದಿರನ್ನು ಬಿಡಿಸಿದ್ದು ಸಮಾಧಾನದ ಮಾತಲ್ಲ, ಒಳ್ಳೆಯ ರಿಸರ್ಚ್ ಡಿಸೈನ್!

ಅವತ್ತು ರಾತ್ರಿ ಪುಸ್ತಕ ಮುಚ್ಚಿ ತುಂಬಾ ಹೊತ್ತು ಕೂತಿದ್ದೆ. ನನ್ನ ಮಗನಿಗಿದ್ದದ್ದು ಆಟಿಸಂ ಅಲ್ಲ. ಆದರೆ ನನ್ನ ಮೇಲಿನ ಆರೋಪವೂ ಅದೇ ಬಗೆಯದಲ್ಲವೇ? ‘ಇವಳು ಬರೆಯುತ್ತಿದ್ದಳು, ಮಗು ಮಾತಾಡಲಿಲ್ಲ’. ಇದ್ದದ್ದು ಇಷ್ಟೇ. ಸ್ಯಾಂಪಲ್ ಒಂದು, ಕಂಟ್ರೋಲ್ ಗುಂಪು ಸೊನ್ನೆ! ನಾನು ನಿರಪರಾಧಿ ಅಂತ ಆ ಪಾಠ ಹೇಳಲಿಲ್ಲ, ಅದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ‘ಗೊತ್ತಿಲ್ಲ’ ಅಂತಷ್ಟೇ ಹೇಳಿತು. ಆದರೆ ಆರು ವರ್ಷ ‘ನಿನ್ನಿಂದಲೇ’ ಅಂತ ಕೇಳಿದವಳಿಗೆ ‘ಗೊತ್ತಿಲ್ಲ’ ಅನ್ನುವುದು ಎಂಥ ದೊಡ್ಡ ಬಿಡುಗಡೆ ಅಂತ ನಿಮಗೆ ಹೇಳಿದರೆ ಅರ್ಥವಾಗುತ್ತೆ.

ಒಂದು ಎಚ್ಚರಿಕೆ. ನನ್ನ ಮಗ ತಾನೇ ಮಾತಾಡಿದ ಅಂತ ನೀವು ಕಾಯುತ್ತಾ ಕೂರಬೇಡಿ. ಅದೂ ಒಂದೇ ಅಗುಳಿನ ಕಥೆ! ಮಗುವಿನ ಮಾತು ತಡವಾದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ, ಮಕ್ಕಳ ವೈದ್ಯರನ್ನೂ ವಾಕ್ ತಜ್ಞರನ್ನೂ ಕಾಣಿ. ಮೈಸೂರಿನಲ್ಲಿ ಇದಕ್ಕೆಂದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಗ್ಯಾಸ್ ವಾಸನೆ ಬಂತಾ?

ಅಂಕಿಅಂಶದ ಭಾಗ ಅಂದರೆ ಎಲ್ಲರಿಗೂ ಭಯ. ಟೈಪ್ ಒನ್ ತಪ್ಪು, ಟೈಪ್ ಟೂ ತಪ್ಪು ಯಾವಾಗಲೂ ಅದಲು ಬದಲಾಗುತ್ತವೆ. ನಾನು ನೆನಪಿಟ್ಟುಕೊಂಡದ್ದು ಹೀಗೆ. ಗ್ಯಾಸ್ ಸೋರಿರುವುದೇ ಇಲ್ಲ, ಆದರೂ ವಾಸನೆ ಬಂತು ಅಂತ ಗಾಬರಿಯಾಗಿ ಮನೆಯವರನ್ನೆಲ್ಲ ಹೊರಗೆ ಓಡಿಸಿದೆವು. ಇಲ್ಲದ್ದನ್ನು ಇದೆ ಅಂದದ್ದು ಟೈಪ್ ಒನ್. ನಿಜಕ್ಕೂ ಸೋರುತ್ತಿದೆ, ‘ಏನಿಲ್ಲ ಬಿಡು’ ಅಂತ ಮಲಗಿದೆವು. ಇರುವುದನ್ನು ಇಲ್ಲ ಅಂದದ್ದು ಟೈಪ್ ಟೂ. ಇನ್ನು ಮರೆಯುವುದುಂಟೇ?

‘ಪಿ’ ಬೆಲೆ 0.05ಕ್ಕಿಂತ ಕಡಿಮೆ ಅಂದರೆ ‘ನನ್ನ ಊಹೆ ನೂರಕ್ಕೆ ತೊಂಬತ್ತೈದು ನಿಜ’ ಅಂತ ಬರೆಯಬೇಡಿ. ಇಲ್ಲೇ ಹೆಚ್ಚಿನವರು ಅಂಕ ಕಳೆದುಕೊಳ್ಳುವುದು. ಸರಿಯಾದ ಅರ್ಥ: ನಿಜಕ್ಕೂ ಯಾವ ವ್ಯತ್ಯಾಸವೂ ಇಲ್ಲ ಅಂತಿಟ್ಟುಕೊಂಡರೆ, ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣಿಸುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ.

ಒಂದು ಸಲ ವ್ಯತ್ಯಾಸ ಕಂಡ ಮಾತ್ರಕ್ಕೆ ಮುಗಿಯಲಿಲ್ಲ. 2015ರಲ್ಲಿ ವಿಜ್ಞಾನಿಗಳ ದೊಡ್ಡ ತಂಡವೊಂದು ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೂಲದಲ್ಲಿ ಶೇಕಡಾ 97ರಷ್ಟು ‘ಗಣನೀಯ’ ಫಲಿತಾಂಶ ಕೊಟ್ಟಿದ್ದವು. ಎರಡನೇ ಸಲ ಹಾಗೆ ಬಂದದ್ದು ಶೇಕಡಾ 36 ಮಾತ್ರ! ‘ರೆಪ್ಲಿಕೇಶನ್ ಏಕೆ ಬೇಕು?’ ಎಂಬ ಪ್ರಶ್ನೆಗೆ ಇದಕ್ಕಿಂತ ಉತ್ತರ ಬೇಕೇ?

ಲೆಕ್ಕದ ನಡುವೆ ಒಂದು ನಮ್ಮೂರ ಸಂತೋಷವೂ ಇದೆ. ರ್‍ಯಾಂಕ್‌ಗಳನ್ನು ಹೋಲಿಸಲು ನಾವು ಹಾಕುವ ಕೋರಿಲೇಶನ್ ಸೂತ್ರ ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್ ಅವರದು. ಅವರ ಬಳಿ ಪಿಎಚ್.ಡಿ. ಮಾಡಿ ಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಅಂತ ರೇಡಿಯೋ ಕೇಂದ್ರ ಶುರು ಮಾಡಿದವರೂ ಅವರೇ! ಅಂದಿನಿಂದ ಸ್ಪಿಯರ್‌ಮನ್ ಸೂತ್ರ ಕಂಡರೆ ನನಗೆ ಪರಕೀಯ ಅನ್ನಿಸುವುದಿಲ್ಲ.

ಓದುವುದು ಹೇಗೆ?

ಇದಕ್ಕೂ ಒಂದು ಪ್ರಯೋಗವೇ ದಾರಿ ತೋರಿಸುತ್ತೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳಿಗೆ ಒಂದು ಬರಹ ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ಆದರೆ ಒಂದು ವಾರ ಬಿಟ್ಟು ಕೇಳಿದಾಗ ಮತ್ತೆ ಓದಿದವರಿಗೆ ನೆನಪಿದ್ದದ್ದು ಶೇಕಡಾ 42, ಬರೆದು ನೋಡಿದವರಿಗೆ ಶೇಕಡಾ 56. ನನ್ನ ಮೊದಲ ಸೋಲಿಗೆ ಉತ್ತರ ಇಲ್ಲೇ ಇತ್ತು. ಓದಿದ್ದನ್ನೇ ಓದಿ ಓದಿ ‘ಎಲ್ಲ ಬರುತ್ತೆ’ ಅಂದುಕೊಂಡಿದ್ದೆ. ಐದು ನಿಮಿಷದ ಜಾಣ್ಮೆ ಅದು!

ಅದಕ್ಕೇ ಎರಡನೇ ಸಲ ಪುಸ್ತಕ ಮುಚ್ಚಿ ಓದಿದೆ. ತರಕಾರಿ ಹೆಚ್ಚುವಾಗ ‘ವ್ಯಾಲಿಡಿಟಿ ಎಷ್ಟು ಬಗೆ?’ ಅಂತ ನನಗೇ ಕೇಳಿಕೊಂಡು ಉತ್ತರ ಹೇಳಿಕೊಳ್ಳುವುದು, ಬಾರದಿದ್ದರೆ ಮಾತ್ರ ಪುಸ್ತಕ ತೆರೆಯುವುದು. ಮಗನಿಗೆ ಪಾಠ ಹೇಳಿದ್ದೂ ಉಂಟು. ‘ಅಮ್ಮ, ಇದನ್ನ ನಿನ್ನೆನೇ ಹೇಳಿದ್ದೆ’ ಅಂತ ಅವನು ಗೊಣಗಿದರೆ ಸರಿ, ಪಾಠ ಬಂತು ಅಂತ ಅರ್ಥ!

ಪರೀಕ್ಷೆಗೆ ಮುನ್ನ ನೆನಪಿಡಿ

* ಪ್ರತಿ ಪರಿಕಲ್ಪನೆಗೂ ನಿಮ್ಮದೇ ಒಂದು ಉದಾಹರಣೆ ಇಟ್ಟುಕೊಳ್ಳಿ. ಎಲ್ಲರೂ ಬರೆಯುವ ಗೈಡ್ ಉದಾಹರಣೆಗಿಂತ ಅದು ಮೌಲ್ಯಮಾಪಕರ ಕಣ್ಣಿಗೆ ಬೇಗ ಬೀಳುತ್ತೆ.

* ‘ಈ ಸಮಸ್ಯೆಗೆ ಸಂಶೋಧನೆ ರೂಪಿಸಿ’ ಅಂತ ಕೇಳಿದರೆ ಕ್ರಮ ತಪ್ಪಬೇಡಿ. ಸಮಸ್ಯೆ, ಹೈಪಾಥಿಸಿಸ್, ಚರಗಳು, ಸ್ಯಾಂಪಲ್, ವಿನ್ಯಾಸ, ಅಳತೆಯ ಸಾಧನ, ವಿಶ್ಲೇಷಣೆ, ನೀತಿ.

* ಯಾವ ಲೆಕ್ಕ ಎಲ್ಲಿ? ಎರಡು ಗುಂಪಿನ ಸರಾಸರಿ ಹೋಲಿಸಲು ಟಿ-ಟೆಸ್ಟ್. ಮೂರು ಅಥವಾ ಹೆಚ್ಚಿದ್ದರೆ ಅನೋವಾ. ಹೌದು-ಇಲ್ಲ ಎಂಬಂಥ ವರ್ಗಗಳ ಎಣಿಕೆಗೆ ಕೈ-ಸ್ಕ್ವೇರ್. ಸಂಬಂಧ ನೋಡಲು ಕೋರಿಲೇಶನ್. ಇದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

* ನೀತಿಯ ಪ್ರಶ್ನೆಗೆ 1920ರ ‘ಲಿಟ್ಲ್ ಆಲ್ಬರ್ಟ್’ ಪ್ರಯೋಗ ನೆನಪಿರಲಿ. ಪುಟ್ಟ ಮಗುವಿಗೆ ಬಿಳಿ ಇಲಿಯ ಭಯ ಹುಟ್ಟಿಸಿ, ಆ ಭಯವನ್ನು ಹೋಗಲಾಡಿಸದೆಯೇ ಬಿಟ್ಟರು. ತಾಯಿಯಾದವಳು ಅದನ್ನು ಒಮ್ಮೆ ಓದಿದರೆ ಮರೆಯುವುದಿಲ್ಲ.

* ದಿನಕ್ಕೆ ಮುಕ್ಕಾಲು ಗಂಟೆ ಸಾಕು, ಆದರೆ ದಿನವೂ ಇರಲಿ. ಪರೀಕ್ಷೆ ಹಿಂದಿನ ರಾತ್ರಿ ಎರಡು ಗಂಟೆವರೆಗೆ ಕೂರುವುದಕ್ಕಿಂತ ಇದು ಮೇಲು.

* ಹೊಸದಾಗಿ ಸೇರಬೇಕೆಂದಿರುವವರು ಗಮನಿಸಿ. ನಾನು ಸೇರಿದಾಗ ಸೈಕಾಲಜಿ ದೂರಶಿಕ್ಷಣದಲ್ಲಿ ಸಿಗುತ್ತಿತ್ತು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಯುಜಿಸಿ ಅದನ್ನು ನಿಲ್ಲಿಸಿದೆ. ಇನ್ನು ಕಾಲೇಜಿಗೆ ಹೋಗಿಯೇ ಓದಬೇಕು. ಹಣ ಕಟ್ಟುವ ಮೊದಲು ಕೋರ್ಸಿಗೆ ಮಾನ್ಯತೆ ಇದೆಯೇ ಅಂತ ವಿಚಾರಿಸಿ.

ಅಂದಹಾಗೆ ನನಗೆ ಎರಡನೇ ಸಲ ಬಂದದ್ದು 58. ಡಿಸ್ಟಿಂಕ್ಷನ್ ಏನಲ್ಲ. ಮಾರ್ಕ್ಸ್ ಕಾರ್ಡನ್ನು ಮನೆಯವರು ಎರಡು ಸಲ ಓದಿದರು, ಅತ್ತೆ ದೇವರ ಮುಂದಿಟ್ಟರು. ಮೊನ್ನೆ ಸಂಬಂಧಿಕರ ಮನೆಯಲ್ಲಿ ಒಂದು ಮಗು ಇನ್ನೂ ನಡೆಯುತ್ತಿಲ್ಲ ಅಂತ ಮಾತು ಬಂತು. “ಅವರಮ್ಮ ಕೆಲಸಕ್ಕೆ ಹೋಗ್ತಾಳಲ್ಲ, ಅದಕ್ಕೇ” ಅಂತ ಯಾರೋ ಅಂದರು. ಮೊದಲಾಗಿದ್ದರೆ ನಾನು ತಲೆ ತಗ್ಗಿಸಿ ಸುಮ್ಮನಿರುತ್ತಿದ್ದೆ. ಈ ಸಲ ಮೆಲ್ಲಗೆ ಕೇಳಿದೆ, “ಅದರಿಂದಲೇ ಅಂತ ಹೇಗೆ ಗೊತ್ತು?”

ಯಾರಿಗೂ ಉತ್ತರ ಗೊತ್ತಿರಲಿಲ್ಲ. ಮೂಲೆಯಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ಆ ಹುಡುಗಿ ಮಾತ್ರ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಹೋಗಿ ಅವಳ ಪಕ್ಕ ನಿಂತೆ, ಮಕ್ಕಳ ಡಾಕ್ಟರಿಗೆ ಯಾವಾಗ ತೋರಿಸುವುದು ಅಂತ ಇಬ್ಬರೂ ಮಾತಾಡಿದೆವು.

ಪರೀಕ್ಷೆ ಬರೆಯಿರಿ ಬಿಡಿ, ಆ ಒಂದು ಪ್ರಶ್ನೆಯನ್ನಂತೂ ಕಲಿತಿಡಿ. ಏನಂತೀರಿ?